ಕಟ್ಟಿದರೆ ಸಾಲದು, ನೋಡಿಕೊಳ್ಳಬೇಕು

2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆ ಆಯಿತು. ಶಿಕಾರಿಪುರ, ಸೊರಬದವರೂ ಹೋಗಿ ನೋಡಿ ಬಂದರು. ಕಂಬದಿಂದ ಓರೆಯಾಗಿ ಇಳಿದ ಕೇಬಲ್‌ಗಳು ಸೇತುವೆಯನ್ನು ಹಿಡಿದಿರುವುದು ಕಂಡು "ಏನು ತಂತ್ರಜ್ಞಾನ ಮಾರಾಯ್ರೆ!" ಅಂದವರೇ ಹೆಚ್ಚು.

ತಂತ್ರ ಹಳೆಯದೇ. ಅಮೆರಿಕದ ಟೆಕ್ಸಾಸ್‌ನಲ್ಲಿ ರನ್ಯನ್ ಎಂಬಾತನ ಪೇಟೆಂಟಿನ ಪ್ರಕಾರ 1890ರ ಸುಮಾರಿಗೆ ಇಂಥ ಎರಡು ಸೇತುವೆ ಕಟ್ಟಿದ್ದರು. ಎರಡೂ ಒಂದೇ ಜಿಲ್ಲೆಯ ಹಳ್ಳಿಗಾಡಿನಲ್ಲಿ. ಬಾರ್ಟನ್ ಹಳ್ಳದ್ದನ್ನು ಕೇಳುವವರಿಲ್ಲದೆ ಅದು ಪಾಳುಬಿತ್ತು. ಬ್ಲಫ್‌ಡೇಲ್‌ನದ್ದು ಹೆದ್ದಾರಿ ಬಂದಾಗ ಬೇಡವಾಗಿತ್ತು. ಆದರೂ ಅದನ್ನು ಬಿಚ್ಚಿ, ಹೊಳೆಯ ಮೇಲ್ಗಡೆಗೆ ಸಾಗಿಸಿ ಮತ್ತೆ ಕಟ್ಟಿದರು. 1989ರ ತನಕ ಅದರ ಮೇಲೆ ವಾಹನ ಓಡಿದವು. ಕಬ್ಬಿಣ ಒಂದೇ, ವಿದ್ಯೆ ಒಂದೇ. ವ್ಯತ್ಯಾಸ ಮಾಡಿದ್ದು ಆರೈಕೆ.

ಅದೇ 1989ರಲ್ಲಿ ಸುಳ್ಯದ ಅರಂಬೂರಿನಲ್ಲಿ ಗಿರೀಶ್ ಭಾರದ್ವಾಜರು ಪಯಸ್ವಿನಿಗೆ ಮೊದಲ ತೂಗುಸೇತುವೆ ಹಾಕಿದರು. ಆಮೇಲೆ ಅಂಥವು ನೂರು ದಾಟಿದವು. ವರದಾ, ದಂಡಾವತಿ, ಕುಮುದ್ವತಿಗೆ ಸೇರುವ ನಮ್ಮ ಹಳ್ಳಗಳಿಗೆ ಕೋಟಿಗಟ್ಟಲೆ ರೂಪಾಯಿಯ ಸೇತುವೆ ಯಾವಾಗ ಬರುತ್ತದೋ ಗೊತ್ತಿಲ್ಲ. ಕಾಲುಸಂಕ, ತೂಗುಸೇತುವೆಯೇ ನಮ್ಮಂಥವರಿಗೆ ಗತಿ. ಅಡಿಕೆ ಮೂಟೆ, ಹಾಲಿನ ಕ್ಯಾನು, ಶಾಲೆ ಮಕ್ಕಳು ಎಲ್ಲಾ ಅದರ ಮೇಲೆಯೇ.

ಕೇಬಲ್‌ಗೆ ಬರುವ ರೋಗ ಹೊರಗಿನಿಂದ ಕಾಣುವುದಿಲ್ಲ. 2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯಲ್ಲಿ ತೂಗುಸೇತುವೆ ಹರಿದು 135 ಜನ ಸತ್ತರು. ರಿಪೇರಿ ಮುಗಿಸಿ ತೆರೆದು ನಾಲ್ಕೇ ದಿನ ಆಗಿತ್ತು. ಮುಖ್ಯ ಕೇಬಲ್‌ನ 49 ತಂತಿಗಳಲ್ಲಿ 22 ಮೊದಲೇ ತುಕ್ಕು ತಿಂದಿದ್ದವು ಅಂತ ತನಿಖೆಯಲ್ಲಿ ತಿಳಿಯಿತು.

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ಸೇತುವೆ ಕೇಳುವಾಗಲೇ ಅದರ ನಿರ್ವಹಣೆಯ ಹಣವನ್ನೂ ಕೇಳಬೇಕು. ಪ್ರತಿ ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಎಂಜಿನಿಯರರು ಬಂದು ಕೇಬಲ್ ನೆಲಕ್ಕೆ ಸೇರುವ ಜಾಗ, ಕ್ಲಾಂಪು, ನಟ್ಟು ನೋಡಿ ಬರೆದುಕೊಡಲಿ. ಆ ಕಾಗದವನ್ನು ಗ್ರಾಮಸಭೆಯಲ್ಲಿ ಓದಲಿ. ಬಳ್ಳಿ ಕಡಿಯೋದು, ಕಸ ತೆಗೆಯೋದು, ಹಲಗೆ ಸಡಿಲಾದರೆ ಹೇಳೋದು ನಮ್ಮ ಕೆಲಸ. ದೊಡ್ಡ ಸೇತುವೆ ಬಂದು ಹಳೆಯದು ಬೇಡವಾದರೆ ಬಿಚ್ಚಿ ತೆಗೆಯಲಿ, ಇಲ್ಲವೇ ದಾರಿ ಮುಚ್ಚಲಿ. ಹಾಗೇ ಬಿಟ್ಟ ಸೇತುವೆಯನ್ನು ಹತ್ತಿರದ ದಾರಿ ಅಂತ ಯಾರಾದರೂ ದಾಟಿಯೇ ದಾಟುತ್ತಾರೆ.

ತೋಟಕ್ಕೆ ಗಿಡ ನೆಟ್ಟು ಮರೆತವನಿಗೆ ಫಸಲು ಸಿಕ್ಕಿದ್ದುಂಟೆ?