ವೇದಿಕೆಯ ಮಾತು, ಮನೆಯ ಲೆಕ್ಕ



ಹುಣಸೆಹಣ್ಣು ಕೊಳ್ಳಲು ಸಂತೆಗೆ ಹೋದ ಹೆಣ್ಣುಮಗಳು ಮಾರುವವನ ಮಾತನ್ನು ಕೇಳಿಸಿಕೊಳ್ಳುತ್ತಾಳೆ. ಆದರೆ ಅವನ ಮಾತು ಸಿಹಿಯಾಗಿದೆ ಎಂದು ಹಣ್ಣು ಕೊಳ್ಳುವುದಿಲ್ಲ. ಬಿಡಿಸಿ ನೋಡುತ್ತಾಳೆ, ಹಳೆಯದೋ ಹೊಸದೋ ಎಂದು ವಿಚಾರಿಸುತ್ತಾಳೆ, ತಕ್ಕಡಿಯ ಮುಳ್ಳಿನ ಮೇಲೆ ಕಣ್ಣಿಟ್ಟಿರುತ್ತಾಳೆ. ಇಷ್ಟು ಜಾಣೆಯಾದ ಆಕೆಯೇ ಊರಲ್ಲಿ ಶಂಕುಸ್ಥಾಪನೆಯೋ ಉದ್ಘಾಟನೆಯೋ ನಡೆದರೆ ಶಾಮಿಯಾನದ ಕೆಳಗೆ ಎರಡು ತಾಸು ಕುಳಿತು, ಚಪ್ಪಾಳೆ ತಟ್ಟಿ ಮನೆಗೆ ಬರುತ್ತಾಳೆ. 'ಏನು ಹೇಳಿದರು?' ಎಂದು ಮನೆಯಲ್ಲಿ ಕೇಳಿದರೆ 'ಬಹಳ ಛಲೋ ಮಾತಾಡಿದರು' ಎನ್ನುತ್ತಾಳೆ. ಏನು ಕೊಡುತ್ತೇವೆಂದರು, ಯಾವಾಗ ಕೊಡುತ್ತೇವೆಂದರು ಎಂಬುದು ಆಕೆಗೆ ನೆನಪಿರುವುದಿಲ್ಲ. ಗಂಡಸರ ಕಥೆಯೂ ಬೇರೆಯೇನಲ್ಲ ಬಿಡಿ. ಆದರೆ ಮುಂದಿನ ಸಾಲಿನ ಕುರ್ಚಿಗಳಲ್ಲಿ ನಮ್ಮನ್ನೇ ಕೂರಿಸುತ್ತಾರೆ. ಆದ್ದರಿಂದ ಈ ಮಾತು ನಮಗೇ ಹೆಚ್ಚು ಸಂಬಂಧಿಸಿದ್ದು.

ನಮ್ಮ ದೇಶದಲ್ಲಿ ಪ್ರಧಾನಿಯಾಗಲಿ ಮುಖ್ಯಮಂತ್ರಿಯಾಗಲಿ ಅಧಿಕಾರ ವಹಿಸಿಕೊಳ್ಳುವಾಗ ಓದುವ ಪ್ರಮಾಣವಚನ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಮೊದಲೇ ಬರೆದಿಟ್ಟದ್ದು. ಅದಕ್ಕೆ ತಮ್ಮದೊಂದು ಮಾತು ಕೂಡಿಸುವಂತಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಅಧ್ಯಕ್ಷರು ಪ್ರಮಾಣ ಸ್ವೀಕರಿಸಿದ ಕೂಡಲೇ ಜನರನ್ನುದ್ದೇಶಿಸಿ ಭಾಷಣ ಮಾಡುವ ಸಂಪ್ರದಾಯವಿದೆ. 1961ರ ಜನವರಿ 20ರಂದು ಜಾನ್ ಎಫ್. ಕೆನಡಿ ಮಾಡಿದ ಭಾಷಣ ಇಂದಿಗೂ ಪ್ರಸಿದ್ಧ. ದೇಶದಿಂದ ಬೇಡುವವರಾಗದೆ ದೇಶಕ್ಕೆ ಕೊಡುವವರಾಗಿ ಎಂಬುದು ಅದರ ತಿರುಳು. ಒಂದೇ ಮಾತನ್ನು ಹಿಂದುಮುಂದಾಗಿ ತಿರುಗಿಸಿ ಹೇಳಿದ್ದರಿಂದ ಅದು ಜನರ ಬಾಯಲ್ಲಿ ಉಳಿಯಿತು. ಮಾತು ದೊಡ್ಡದೇ, ಸಂಶಯವಿಲ್ಲ. ಆದರೆ ಇನ್ನೊಂದನ್ನೂ ಗಮನಿಸಿ. ಅಂದು ಅಧಿಕಾರ ಪಡೆದವರು ಜನರಿಗೆ ಋಣಿಯಾಗಿದ್ದರು. ಆ ಮಾತು ಮುಗಿಯುವ ಹೊತ್ತಿಗೆ ಜನರೇ ಋಣಿಗಳಾಗಿದ್ದರು! ಒಳ್ಳೆಯ ಮಾತಿಗೆ ಇಂಥ ಶಕ್ತಿಯಿದೆ.

ನಮ್ಮಲ್ಲಿ ಈ ಮನವೊಲಿಸುವ ಕೆಲಸ ನಡೆಯುವುದು ಊರೂರಿನ ಅಡಿಗಲ್ಲು, ಉದ್ಘಾಟನೆಗಳ ವೇದಿಕೆಯಲ್ಲಿ. ಅಲ್ಲಿ ಯಾವ ಪಕ್ಷದವರೇ ಇರಲಿ, ಮಾತಿನ ದಾರಿ ಬಹುತೇಕ ಒಂದೇ.

ಮೊದಲನೆಯದು ಊರಿನ ಹೊಗಳಿಕೆ. ಸಿಂಧನೂರಿಗೆ ಬಂದರೆ ಇದು ಭತ್ತದ ಕಣಜ. ಲಿಂಗಸುಗೂರು ತಾಲೂಕಿಗೆ ಬಂದರೆ ಹಟ್ಟಿಯ ಗಣಿಯಿಂದಾಗಿ ಇದು ಚಿನ್ನದ ನಾಡು. ಮಸ್ಕಿಗೆ ಬಂದರೆ ಇದು ಅಶೋಕನ ಶಾಸನದ ನೆಲ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಭತ್ತದ ಕಣಜ ಎಂದ ಕೂಡಲೇ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ ನೀರು ಸರಿಯಾಗಿ ಮುಟ್ಟದ ಹೊಲದವರೂ ಎದೆಯುಬ್ಬಿಸಿ ಚಪ್ಪಾಳೆ ತಟ್ಟುತ್ತಾರೆ. ನೀರಿನ ಪ್ರಶ್ನೆ ಆ ಚಪ್ಪಾಳೆಯಲ್ಲಿ ಮುಳುಗಿಹೋಗುತ್ತದೆ.

ಎರಡನೆಯದು ಸಂಬಂಧ ಹೇಳುವುದು. 'ತಾಯಂದಿರೇ, ಅಕ್ಕತಂಗಿಯರೇ, ನಾನು ನಿಮ್ಮ ಮನೆಮಗ' ಎಂದರೆ ಯಾರ ಮನಸ್ಸು ಕರಗುವುದಿಲ್ಲ? ಮನೆಮಗನನ್ನು ಲೆಕ್ಕ ಕೇಳುವುದು ಹೇಗೆ ಎಂಬ ಸಂಕೋಚವೂ ಮೂಡುತ್ತದೆ. ಆದರೆ ನಿಜವಾದ ಮಗ ಪೇಟೆಯಿಂದ ಬಂದಾಗ ಉಳಿದ ಚಿಲ್ಲರೆ ಕೇಳದ ತಾಯಿ ಯಾರಿದ್ದಾರೆ ಹೇಳಿ?

ಮೂರನೆಯದು ಪ್ರಶ್ನೆ ಕೇಳುವುದು. 'ನಿಮಗೆ ನೀರು ಬೇಕೋ ಬೇಡವೋ? ರಸ್ತೆ ಬೇಕೋ ಬೇಡವೋ? ರೈಲು ಬೇಕೋ ಬೇಡವೋ?' ಮೂರು ಸಲವೂ ಜನ 'ಬೇಕು' ಎಂದು ಕೂಗುತ್ತಾರೆ. ಏನೋ ಸಿಕ್ಕಷ್ಟೇ ಸಂತೋಷವಾಗುತ್ತದೆ. ನೋಡಿದರೆ ಬೇಕು ಎಂದವರು ನಾವು. ಕೊಡುತ್ತೇನೆ ಎಂದು ಅವರು ಇನ್ನೂ ಹೇಳಿಯೇ ಇಲ್ಲ.

ನಾಲ್ಕನೆಯದು ಹಿಂದಿನವರ ಮೇಲೆ ಭಾರ ಹಾಕುವುದು. ಇಷ್ಟು ವರ್ಷ ಯಾರೂ ಏನೂ ಮಾಡಲಿಲ್ಲ ಎಂದು ದೂರಿದರೆ, ನಾನೇನು ಮಾಡುತ್ತೇನೆ ಎಂದು ವಿವರಿಸುವ ಕಷ್ಟ ಅರ್ಧ ಕಡಿಮೆಯಾಗುತ್ತದೆ.

ಇವೆಲ್ಲ ಮೋಸವೇ? ಖಂಡಿತ ಅಲ್ಲ. ಜನರ ಮನಸ್ಸನ್ನು ಮುಟ್ಟದೆ ಯಾವ ನಾಯಕನೂ ಜನರನ್ನು ಮುನ್ನಡೆಸಲಾರ. ಆದರೆ ಮುಟ್ಟುವ ಮಾತು ಬೇರೆ, ಕೊಡುವ ಮಾತು ಬೇರೆ. ಒಂದು ಉದಾಹರಣೆ ನೋಡಿ. ನಮ್ಮ ಹೈದರಾಬಾದ್ ಕರ್ನಾಟಕಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕ ಎಂದು ಹೆಸರಿಡಲಾಯಿತು. ಹೆಸರು ಕೇಳಲು ಚೆಂದ. ಅದಕ್ಕೂ ಮೊದಲು, 2012ರ ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ವಿಧಿ ಬಂದಿತ್ತು. ಇದು ಕೇಳಲು ಒಣ ಮಾತು, ಬರೀ ಅಂಕಿ. ಆದರೆ ನಮ್ಮ ಭಾಗದ ಮಕ್ಕಳಿಗೆ ಕಾಲೇಜು ಪ್ರವೇಶದಲ್ಲಿ, ಸರಕಾರಿ ಉದ್ಯೋಗದಲ್ಲಿ ಮೀಸಲು ಸಿಗುತ್ತಿರುವುದು ಈ ಒಣ ಮಾತಿನಿಂದಲೇ. ನಿಮ್ಮ ಮಗಳು ಕಚೇರಿಗೆ ಹೋಗಿ ಹಕ್ಕಿನಿಂದ ಕೇಳಬಹುದಾದದ್ದು ಇದನ್ನೇ.

ಈಗ ನಮ್ಮ ಭಾಷೆಯನ್ನೇ ಸ್ವಲ್ಪ ಕಿವಿಗೊಟ್ಟು ಕೇಳಿ. 'ಮಾಡುತ್ತೇನೆ' ಎಂದರೆ ಮಾಡುವವರು ಯಾರೆಂದು ಗೊತ್ತು. 'ಮಾಡಲಾಗುವುದು' ಎಂದರೆ ಯಾರು? ಆ ಮಾತಿನಲ್ಲಿ ಮಾಡುವವರೇ ಇಲ್ಲ. 'ಪ್ರಾಮಾಣಿಕ ಪ್ರಯತ್ನ ಮಾಡುತ್ತೇನೆ' ಎಂಬುದು ಪ್ರಯತ್ನದ ಭರವಸೆ, ಕೆಲಸದ್ದಲ್ಲ. 'ಸರಕಾರದ ಗಮನಕ್ಕೆ ತರುತ್ತೇನೆ' ಎಂದು ಸರಕಾರದಲ್ಲೇ ಇರುವವರು ಹೇಳಿದರೆ ಏನೆನ್ನೋಣ? ಹಣದ ಮಾತೂ ಹೀಗೆಯೇ. 'ಇಷ್ಟು ಕೋಟಿ' ಎಂಬ ಪದ ಕಿವಿಗೆ ಬಿದ್ದರೆ ಸಾಲದು. ಘೋಷಣೆ, ಬಜೆಟ್, ಮಂಜೂರಾತಿ, ಹಣ ಬಿಡುಗಡೆ, ಟೆಂಡರ್, ಕೆಲಸ ಶುರು ಎಂದು ಅದಕ್ಕೆ ಹಲವು ಮೆಟ್ಟಿಲುಗಳಿವೆ. ಮೊದಲ ಮೆಟ್ಟಿಲಲ್ಲಿ ನಿಂತು ಮಾಳಿಗೆ ಮುಟ್ಟಿದವರಂತೆ ಮಾತನಾಡುವುದು ವೇದಿಕೆಯ ಅಭ್ಯಾಸ. ಈಗ ಯಾವ ಮೆಟ್ಟಿಲಲ್ಲಿದೆ ಎಂದು ಕೇಳುವುದು ನಮ್ಮ ಅಭ್ಯಾಸವಾಗಬೇಕು.

ಯಾಕೆಂದರೆ ಈ ಮೆಟ್ಟಿಲುಗಳ ನಡುವೆ ಒಂದೊಂದು ತಲೆಮಾರೇ ಸವೆದುಹೋಗುತ್ತದೆ. ಸಿಂಧನೂರಿನ ಮೇಲೆ ಹಾದುಹೋಗುವ ಮುನಿರಾಬಾದ್–ಮೆಹಬೂಬ್‌ನಗರ ರೈಲು ಮಾರ್ಗ 1997-98ರಲ್ಲಿ ಮಂಜೂರಾಯಿತು. ಸಿಂಧನೂರಿನವರು ತಮ್ಮೂರಲ್ಲೇ ರೈಲು ಹತ್ತಿದ್ದು 2024ರಲ್ಲಿ. ಮಂಜೂರಾದ ವರ್ಷ ಹುಟ್ಟಿದ ಹೆಣ್ಣುಮಗುವಿಗೆ ಅಷ್ಟರಲ್ಲಿ ಇಪ್ಪತ್ತಾರು ದಾಟಿತ್ತು. ಲಿಂಗಸುಗೂರಿನ ದಾರಿಯ ಗದಗ–ವಾಡಿ ಮಾರ್ಗ ಮಂಜೂರಾದದ್ದು 2013-14ರಲ್ಲಿ. ರೈಲು ಕುಷ್ಟಗಿಯವರೆಗೆ ಬರುವಷ್ಟರಲ್ಲಿ 2025 ಬಂದಿತ್ತು. ಲಿಂಗಸುಗೂರು ಅದರಾಚೆಗಿದೆ. ಈ ತಾಲೂಕಿನ ಹೊಲಗಳಿಗೆ ನಾರಾಯಣಪುರದಿಂದ ನೀರು ಕೊಡುವ ಕೃಷ್ಣಾ ಮೇಲ್ದಂಡೆ ಯೋಜನೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದ್ದು 1964ರ ಮೇ 22ರಂದು. ಆಲಮಟ್ಟಿ ಅಣೆಕಟ್ಟನ್ನು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಲೋಕಾರ್ಪಣೆ ಮಾಡಿದ್ದು 2006ರ ಆಗಸ್ಟ್‌ನಲ್ಲಿ. ಎರಡೂ ಕೈಗಳು ಪ್ರಾಮಾಣಿಕರವೇ. ಆದರೂ ನಡುವೆ 42 ವರ್ಷ! ಹೀಗಿರುವಾಗ ದಿನಾಂಕ ಕೇಳುವುದು ಅಗೌರವ ಹೇಗಾದೀತು?

ಮಸ್ಕಿ ಭಾಗದ ರೈತರು 2020ರ ಕೊನೆಯಲ್ಲಿ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ಧರಣಿ ಕುಳಿತರು. 2021ರ ಏಪ್ರಿಲ್‌ನಲ್ಲಿ ಮಸ್ಕಿಯಲ್ಲಿ ಉಪಚುನಾವಣೆ ಬಂದಾಗ ಮತ ಕೇಳಲು ಬಂದವರೆಲ್ಲ ಆ ಕಾಲುವೆಯ ಬಗ್ಗೆ ಏನಾದರೊಂದು ಹೇಳಲೇಬೇಕಾಯಿತು. ಅಭಿವೃದ್ಧಿ ಎಂಬ ದೊಡ್ಡ ಪದಕ್ಕೆ ತೃಪ್ತರಾಗದೆ ಜನ ಒಂದು ಹೆಸರು, ಒಂದು ಅಂಕಿ ಹಿಡಿದು ಕೇಳಿದರೆ ವೇದಿಕೆಯ ಮಾತೂ ಅದಕ್ಕೆ ತಕ್ಕಂತೆ ಬದಲಾಗಬೇಕಾಗುತ್ತದೆ.

ಹಾಗಾದರೆ ಒಳ್ಳೆಯ ಮಾತು ಎಂದರೆ ಹೇಗಿರಬೇಕು? ದೂರ ಹೋಗಬೇಕಿಲ್ಲ. ಮಸ್ಕಿಯ ಬೆಟ್ಟದ ಬಂಡೆಯ ಮೇಲೆ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರರ ಕಣ್ಣಿಗೆ ಬಿದ್ದ ಶಾಸನವಿದೆ. ಬೇರೆಡೆ ಹೆಚ್ಚಾಗಿ ದೇವಾನಾಂಪ್ರಿಯ ಎಂಬ ಬಿರುದಷ್ಟೇ ಕಾಣುತ್ತಿದ್ದ ದೊರೆಯ ಅಶೋಕ ಎಂಬ ಹೆಸರು ಇಲ್ಲಿ ಸಿಕ್ಕಿತು. ಧರ್ಮದ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವರೂ ಅದನ್ನು ಪಡೆಯಬಲ್ಲರು ಎಂಬುದು ಅದರ ಒಂದು ಮುಖ್ಯ ಮಾತು. ದೊರೆಯ ಮಾತಿನಲ್ಲಿ ಸಣ್ಣವರಿಗೆ ಸ್ಥಾನವಿತ್ತು. ಕಲ್ಲಿನಲ್ಲಿ ಕೊರೆಸಿದ್ದರಿಂದ 'ನಾನು ಹಾಗೆ ಹೇಳಿರಲಿಲ್ಲ' ಎನ್ನುವಂತೆಯೂ ಇರಲಿಲ್ಲ. ಇಂದೂ ಊರೂರಲ್ಲಿ ಕಲ್ಲು ನೆಡುತ್ತಾರೆ. ಅದರಲ್ಲಿ ಹೆಸರುಗಳು ದೊಡ್ಡವು, ಕೆಲಸ ಮುಗಿಯುವ ದಿನಾಂಕ ಹುಡುಕಿದರೂ ಸಿಗುವುದು ಅಪರೂಪ.

ಕ್ರಿ.ಶ. 632ರಲ್ಲಿ ಹಝ್ರತ್ ಅಬೂಬಕರ್ ಸಿದ್ದೀಕ್(ರ) ಖಲೀಫರಾದಾಗ ಮಾಡಿದ ಮೊದಲ ಭಾಷಣವನ್ನೂ ನೀವು ಬಲ್ಲಿರಿ. ಕೆಲವೇ ನಿಮಿಷಗಳ ಮಾತು ಅದು. ನಾನು ನಿಮ್ಮೆಲ್ಲರಿಗಿಂತ ಶ್ರೇಷ್ಠನಲ್ಲ, ಸರಿ ನಡೆದರೆ ನೆರವಾಗಿ, ತಪ್ಪಿದರೆ ತಿದ್ದಿ ಎಂದರು. ದುರ್ಬಲನ ಹಕ್ಕನ್ನು ಅವನಿಗೆ ಮರಳಿಸುವವರೆಗೆ ತನ್ನ ಪಾಲಿಗೆ ಅವನೇ ಬಲಶಾಲಿ ಎಂದರು. ಅವರೂ ಜನರ ಮನವೊಲಿಸಿದರು. ಆದರೆ ತಿದ್ದುವ ಅಧಿಕಾರವನ್ನು ಕೇಳುಗರ ಕೈಗೆ ಕೊಟ್ಟು ಮನವೊಲಿಸಿದರು. ಭಾಷಣವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ತಕ್ಕಡಿ ಇಲ್ಲ. ಮಾತು ಮುಗಿದಾಗ ಪ್ರಶ್ನಿಸುವ ಹಕ್ಕು ನಮ್ಮ ಕೈಯಲ್ಲಿದೆಯೋ, ಬರೀ ಹೂವಿನ ಹಾರ ಇದೆಯೋ?

ಸಹೋದರಿಯರೇ, ಮುಂದಿನ ಸಲ ಸಮಾರಂಭಕ್ಕೆ ಹೋಗುವಾಗ ಹಾಲಿನ ಲೆಕ್ಕ ಬರೆಯುವಂಥದ್ದೇ ಒಂದು ಸಣ್ಣ ಪುಸ್ತಕ ಜೊತೆಗಿರಲಿ. ನಾಲ್ಕೇ ಸಾಲು ಬರೆದುಕೊಳ್ಳಿ. ಯಾರು ಹೇಳಿದರು, ಏನು ಕೊಡುತ್ತೇವೆಂದರು, ಯಾವಾಗ ಎಂದರು, ಹಣ ಯಾವ ಮೆಟ್ಟಿಲಲ್ಲಿದೆ. ಆರು ತಿಂಗಳ ನಂತರ ಸಂಘದ ಸಭೆಯಲ್ಲಿ ಅದನ್ನು ಓದಿ. ಉತ್ತರ ಸಿಗದಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ. ಅಲ್ಲೂ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಹತ್ತು ರೂಪಾಯಿ ಶುಲ್ಕದ ಒಂದು ಅರ್ಜಿಗೆ 30 ದಿನಗಳೊಳಗೆ ಉತ್ತರ ಕೊಡಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಆ ಶುಲ್ಕವೂ ಇಲ್ಲ.

ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗಿದೆ. ನಾಳೆ ನಿಮ್ಮಲ್ಲೇ ಒಬ್ಬರು ಮೈಕಿನ ಮುಂದೆ ನಿಲ್ಲಬಹುದು. ಅಂದು ಭಾಷಣ ಚಿಕ್ಕದಿರಲಿ. ಕೆಲಸದ ಹೆಸರು ಹೇಳಿ, ದಿನಾಂಕ ಹೇಳಿ, ತಪ್ಪಿದರೆ ನನ್ನನ್ನೇ ಕೇಳಿ ಎಂದು ಹೇಳಿ ಕುಳಿತುಕೊಳ್ಳಿ. ಮುಂದಿನ ಸಾಲಿನಲ್ಲಿ ಯಾರಾದರೂ ಅದನ್ನು ಬರೆದುಕೊಳ್ಳುತ್ತಿದ್ದರೆ ಸಂತೋಷಪಡಿ.