ಫಾರ್ವರ್ಡ್‌ಗಳೇ ಇಲ್ಲವಂತೆ!

ಇಲ್ಲವಂತೆ. ನೂರ ನಲವತ್ತು ಕೋಟಿ ಜನರ ದೇಶದಲ್ಲಿ ಚೆಂಡನ್ನು ಬಲೆಗೆ ದೂಡಬಲ್ಲ ಹುಡುಗ ಒಬ್ಬನೂ ಇಲ್ಲವಂತೆ. ಹುಡುಕಿ ಹುಡುಕಿ ಸುಸ್ತಾದರಂತೆ. ಆದ್ದರಿಂದ ಇನ್ನು ಪರ್ತ್‌ನಲ್ಲೋ ಲಂಡನ್ನಿನಲ್ಲೋ ಯಾರ ಅಜ್ಜಿ ಯಾವ ಊರಿನವಳು ಎಂದು ವಂಶವೃಕ್ಷ ಕೈಯಲ್ಲಿ ಹಿಡಿದು ತಿರುಗುವುದೊಂದೇ ಭಾರತದ ಫುಟ್‌ಬಾಲಿಗೆ ಉಳಿದ ದಾರಿಯಂತೆ. ಇಷ್ಟು ದಣಿದವರು ಹುಡುಕಿದ್ದೆಲ್ಲಿ ಎಂದು ಯಾರೂ ಕೇಳುತ್ತಿಲ್ಲ. ನಾನು ಕೇಳುತ್ತೇನೆ. ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ಗೆ ಬಂದಿದ್ದಿರಾ ಸ್ವಾಮಿ? ಊರ್ಗಾಂಗೆ? ಆಂಡರ್ಸನ್‌ಪೇಟೆಗೆ? ಹೋಗಲಿ, ಬಂಗಾರಪೇಟೆವರೆಗೆ ಬಂದು ಒಂದು ಪ್ಲೇಟು ಪಾನಿಪುರಿಯನ್ನಾದರೂ ತಿಂದಿದ್ದಿರಾ?

2025ರ ನವೆಂಬರ್‌ನಲ್ಲಿ ಬಾಂಗ್ಲಾದೇಶ ವಿರುದ್ಧದ ಢಾಕಾ ಪಂದ್ಯಕ್ಕಾಗಿ ಭಾರತ ತಂಡದ ಕೋಚ್ ಖಾಲಿದ್ ಜಮೀಲ್ ಬೆಂಗಳೂರಿನಲ್ಲಿ ಕ್ಯಾಂಪ್ ನಡೆಸಿದರಲ್ಲ, ಆಗ ಪತ್ರಿಕೆಗಳಲ್ಲಿ ಬಂದದ್ದು ಒಂದೇ ಸುದ್ದಿ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ಪಡೆದರು, ಸುನಿಲ್ ಚೆಟ್ರಿ ಅದನ್ನು ಕೈಗಿತ್ತರು, ಫೋಟೊ ತೆಗೆಸಿಕೊಂಡರು. ಮುಂಚೂಣಿಯ ನಾಲ್ಕೈದು ಜಾಗಕ್ಕೆ ಆ ಕ್ಯಾಂಪಿನಲ್ಲಿ ಬೆವರು ಸುರಿಸುತ್ತಿದ್ದ ಉಳಿದ ಹುಡುಗರ ಹೆಸರು ಎಷ್ಟು ಜನ ಓದುಗರಿಗೆ ನೆನಪಿದೆ? ಕ್ಯಾಂಪ್ ಅಂದರೆ ಪೈಪೋಟಿ ಅನ್ನುತ್ತಾರೆ. ಪೈಪೋಟಿಗೆ ಬರುವಷ್ಟರಲ್ಲೇ ಆಟ ಮುಗಿದಿರುತ್ತದೆ ಅನ್ನುವುದು ನನ್ನ ತಕರಾರು.

ಮೊದಲೇ ಹೇಳಿಬಿಡುತ್ತೇನೆ, ವಿಲಿಯಮ್ಸ್ ಮೇಲೆ ನನಗೆ ಎಳ್ಳಷ್ಟೂ ಮುನಿಸಿಲ್ಲ. ಆತನ ತಾಯಿ ಮುಂಬೈನ ಆಂಗ್ಲೋ ಇಂಡಿಯನ್ ಮನೆತನದವರು. ತಾಯಿಯ ತಂದೆ 1950ರ ದಶಕದಲ್ಲಿ ಬಾಂಬೆ ಪರವಾಗಿ ಸಂತೋಷ್ ಟ್ರೋಫಿ ಆಡಿದವರು. ಆಂಗ್ಲೋ ಇಂಡಿಯನ್ನರು ಅಂದರೆ ಕೆಜಿಎಫ್‌ನವರಿಗೆ ಹೊರಗಿನವರಲ್ಲ. 'ಲಿಟಲ್ ಇಂಗ್ಲೆಂಡ್' ಅನ್ನಿಸಿಕೊಂಡ ಊರು ನಮ್ಮದು. ಇಲ್ಲಿಂದಲೂ ಎಷ್ಟೋ ಕುಟುಂಬಗಳು ಪೆಟ್ಟಿಗೆ ಕಟ್ಟಿಕೊಂಡು ಆಸ್ಟ್ರೇಲಿಯಾಕ್ಕೆ ಹೋದವು. ಕಾರ್ನ್‌ವಾಲ್‌ನಿಂದ ಬಂದ ಗಣಿಗಾರ, ಉತ್ತರ ಆರ್ಕಾಟಿನಿಂದ ನಡೆದು ಬಂದ ಕೂಲಿ, ಚಿತ್ತೂರಿನ ತೆಲುಗರು, ಎಲ್ಲರೂ ಬೆರೆತು ಆದ ಊರಿನಲ್ಲಿ ಕೂತು ನಾನು 'ಮಣ್ಣಿನ ಮಕ್ಕಳು' ಎಂದು ಭಾಷಣ ಬಿಗಿದರೆ ನನ್ನ ಪಕ್ಕದ ಮನೆಯವರೇ ನಗುತ್ತಾರೆ. ಆತ ಬರಲಿ, ಆಡಲಿ. ಒಬ್ಬನನ್ನು ಬರಮಾಡಿಕೊಳ್ಳುವ ನೆಪದಲ್ಲಿ 'ಇಲ್ಲಿ ಯಾರೂ ಇಲ್ಲ' ಎಂದು ಷರಾ ಬರೆಯುತ್ತೀರಲ್ಲ, ಮೈ ಉರಿಯುವುದು ಅದಕ್ಕೆ.

ಈಗ ಒಂದು ಲೆಕ್ಕ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಶುರುವಾದದ್ದು 2014ರಲ್ಲಿ. 2024–25ರವರೆಗೆ 11 ಸೀಸನ್ ಆಯಿತು. ಪ್ರತಿ ಸೀಸನ್ನಿನಲ್ಲೂ ಅತಿ ಹೆಚ್ಚು ಗೋಲು ಹೊಡೆದವನಿಗೆ ಗೋಲ್ಡನ್ ಬೂಟ್ ಕೊಡುತ್ತಾರೆ. ಮೊದಲ ವರ್ಷ ಬ್ರೆಜಿಲ್‌ನ ಎಲಾನೊ. ಆಮೇಲೆ ಮೆಂಡೋಜ, ಮಾರ್ಸೆಲಿನ್ಹೊ, ಎರಡು ಸಲ ಕೋರೊ, ಒಗ್ಬೆಚೆ, ಡಿಯಾಮಂಟಕೋಸ್... ಕೊನೆಗೆ 23 ಗೋಲು ಹೊಡೆದ ಮೊರಾಕ್ಕೊದ ಅಜರಾಯ್. ಈ 11ರಲ್ಲಿ ಭಾರತೀಯರು ಎಷ್ಟು? ಸೊನ್ನೆ. ಫುಟ್‌ಬಾಲ್ ಭಾಷೆಯಲ್ಲೇ ಹೇಳುವುದಾದರೆ 11–0.

ಈ 11–0 ನೋಡಿದವರು ಏನಂದರು? 'ನೋಡಿ, ನಾವು ಹೇಳಲಿಲ್ಲವೇ, ನಮ್ಮಲ್ಲಿ ಸ್ಟ್ರೈಕರ್‌ಗಳಿಲ್ಲ!' ಅಡುಗೆಮನೆಗೆ ಬೀಗ ಹಾಕಿ, ಮನೆಮಂದಿಗೆ ಹೋಟೆಲ್ ಊಟ ತರಿಸಿ, ಹನ್ನೊಂದು ವರ್ಷವಾದ ಮೇಲೆ 'ನಮ್ಮ ಮನೆಯಲ್ಲಿ ಅಡುಗೆ ಬರುವವರಿಲ್ಲ' ಅಂದ ಹಾಗಾಯಿತು. 2024–25ರ ಹೊತ್ತಿಗೆ ಕ್ಲಬ್ಬಿಗೆ ಆರು ವಿದೇಶಿಗರು, ಮೈದಾನಕ್ಕೆ ಒಮ್ಮೆಗೆ ನಾಲ್ವರು. ಆ ನಾಲ್ವರಲ್ಲಿ ಒಬ್ಬ ನಡುವಿನ ಸ್ಟ್ರೈಕರ್ ಆಗಿರುವುದು ಪಂಚಾಂಗದಲ್ಲಿ ಬರೆದಿಟ್ಟಷ್ಟೇ ಖಾತ್ರಿ. ನಮ್ಮ ಹುಡುಗ ನಡುವಿನಿಂದ ವಿಂಗಿಗೆ, ವಿಂಗಿನಿಂದ ಬ್ಯಾಕಿಗೆ, ಬ್ಯಾಕಿನಿಂದ ಬೆಂಚಿಗೆ, ಬೆಂಚಿನಿಂದ ಮನೆಗೆ. 2024–25ರಲ್ಲಿ ಫೈನಲ್ ತನಕ ಹೋದ ಬೆಂಗಳೂರು ಎಫ್‌ಸಿಯನ್ನೇ ನೋಡಿ. ಮುಂದೆ ನಿಂತವರು ಆಸ್ಟ್ರೇಲಿಯಾದ ವಿಲಿಯಮ್ಸ್, ಸ್ಪೇನ್‌ನ ಎಡ್ಗರ್ ಮೆಂಡೆಸ್, ಅರ್ಜೆಂಟೀನಾದ ಪೆರೇರಾ ಡಿಯಾಸ್, ಜೊತೆಗೆ ಚೆಟ್ರಿ. ಇಪ್ಪತ್ತರ ಹುಡುಗ ಎಲ್ಲಿ ನುಸುಳಬೇಕು, ಗೋಲ್‌ಪೋಸ್ಟಿನ ಹಿಂದೆಯೇ?

ಚೆಟ್ರಿ ವಿಷಯ ಬಂತು. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ, ಕಣ್ಣೀರು ಹಾಕಿ, 94 ಅಂತರರಾಷ್ಟ್ರೀಯ ಗೋಲುಗಳ ಲೆಕ್ಕ ಒಪ್ಪಿಸಿ ಆತ ನಿವೃತ್ತರಾದರು. ಒಂಬತ್ತೇ ತಿಂಗಳು. 2025ರ ಮಾರ್ಚ್‌ನಲ್ಲಿ ನಲವತ್ತರ ಮನುಷ್ಯನನ್ನು 'ದಯವಿಟ್ಟು ಬಾ ತಂದೆ' ಎಂದು ಮತ್ತೆ ಕರೆಸಿದರು. ಆ ಸೀಸನ್ನಿನ ಐಎಸ್‌ಎಲ್‌ನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು ಗೋಲು ಹೊಡೆದವರೂ ಅವರೇ, 14. ಇದು ಚೆಟ್ರಿಯ ಹಿರಿಮೆ, ಒಪ್ಪಿದೆ. ಫೆಡರೇಷನ್ನಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ?

ಫಲ ಏನಾಯಿತು ಎಂದು ಎಲ್ಲರಿಗೂ ಗೊತ್ತು. ಏಷ್ಯನ್ ಕಪ್ ಅರ್ಹತಾ ಸುತ್ತಿನ ಐದು ಪಂದ್ಯ, ಎರಡು ಗೋಲು. ಶಿಲ್ಲಾಂಗ್‌ನಲ್ಲಿ ಬಾಂಗ್ಲಾ ಎದುರು ಸೊನ್ನೆ. ಹಾಂಗ್‌ಕಾಂಗ್‌ನಲ್ಲಿ ಸೊನ್ನೆ. ಸಿಂಗಪುರದಲ್ಲಿ ಕೊನೇ ಗಳಿಗೆಯಲ್ಲಿ ರಹೀಂ ಅಲಿಯಿಂದ ಒಂದು, ಮಡಗಾಂವ್‌ನಲ್ಲಿ ಛಾಂಗ್ಟೆಯಿಂದ ಒಂದು, ಢಾಕಾದಲ್ಲಿ ಮತ್ತೆ ಸೊನ್ನೆ. ಢಾಕಾಕ್ಕೆ ವಿಲಿಯಮ್ಸ್ ಹೋಗಿದ್ದರು. ಕಾಗದಪತ್ರದ ಅನುಮತಿ ಬಾರದೆ ಆಡಲಾಗಲಿಲ್ಲ. ತಂದವರಿಗೆ ಕಾಗದವನ್ನೂ ತರಲು ಆಗಲಿಲ್ಲ ಅನ್ನಿ.

ಆ ರಾತ್ರಿಯ ಬಗ್ಗೆ ಇನ್ನೊಂದು ಮಾತಿದೆ. ಪಂದ್ಯಕ್ಕೆ ಮುಂಚೆ ನಮ್ಮವರೆಲ್ಲ ಹಮ್ಜಾ ಚೌಧರಿ, ಹಮ್ಜಾ ಚೌಧರಿ ಎಂದು ಜಪ ಮಾಡಿದರು. ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದು ಬಾಂಗ್ಲಾಕ್ಕೆ ಆಡುವವನು, ನಮಗೂ ಅಂಥವರು ಬೇಕು ಅಂದರು. ಸರಿ, ಪಂದ್ಯದ ಒಂದೇ ಒಂದು ಗೋಲು ಹೊಡೆದವನು ಯಾರು? ಶೇಖ್ ಮೊರ್ಸಾಲಿನ್. ಬಾಂಗ್ಲಾದೇಶದಲ್ಲೇ ಬೆಳೆದು, ಅಲ್ಲಿನ ಲೀಗ್‌ನಲ್ಲೇ ಆಡಿದ ಹುಡುಗ. ಅವನಿಗೆ ಯಾರೂ ಜಪಮಾಲೆ ಹಿಡಿದಿರಲಿಲ್ಲ.

'ಕುರಸಾವ್ ನೋಡಿ, ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದವರನ್ನು ಕಟ್ಟಿಕೊಂಡು ವಿಶ್ವಕಪ್ಪಿಗೆ ಹೋಯಿತು' ಅನ್ನುವ ಜಾಣರೂ ಇದ್ದಾರೆ. ಕುರಸಾವ್‌ನ ಜನಸಂಖ್ಯೆ ಒಂದೂವರೆ ಲಕ್ಷದ ಆಸುಪಾಸು. ಹೆಚ್ಚುಕಡಿಮೆ ನಮ್ಮ ಕೆಜಿಎಫ್ ಪಟ್ಟಣದಷ್ಟು! ಕೆಜಿಎಫ್ ನಾಳೆ ಸ್ವತಂತ್ರ ದೇಶವಾದರೆ ನಾವೂ ಪರ್ತ್‌ನಿಂದ ಮೊಮ್ಮಕ್ಕಳನ್ನು ಕರೆಸಿಕೊಳ್ಳುತ್ತೇವೆ ಬಿಡಿ. ನೂರ ನಲವತ್ತು ಕೋಟಿಯ ದೇಶಕ್ಕೆ ಒಂದೂವರೆ ಲಕ್ಷದವರ ಉಪಾಯವೇ?

ಹುಡುಕಿದ್ದೇವೆ ಅನ್ನುವವರು ಹೇಗೆ ಹುಡುಕುತ್ತಾರೆ ಅನ್ನುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನಮ್ಮ ಪಕ್ಕದ ಲೈನಿನಲ್ಲಿ ಒಬ್ಬ ಹುಡುಗನಿದ್ದ. ತಾತ ಚಾಂಪಿಯನ್ ಗಣಿಯಲ್ಲಿ ಕೆಳಗಿಳಿದು ದುಡಿದವರು. ಹುಡುಗ ಎಡಗಾಲಿನವನು, ಹಳಬರ ಬಾಯಲ್ಲಿ ಲೆಫ್ಟ್ ಔಟ್, ಈಗಿನವರ ಬಾಯಲ್ಲಿ ವಿಂಗರ್. ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಬುಡದ ಬಯಲಲ್ಲಿ ಬರಿಗಾಲಲ್ಲಿ ಅವನು ಗೆರೆಗುಂಟ ಓಡುತ್ತಿದ್ದರೆ ಬ್ಯಾಕ್ ಆಡುವವರು ಸುಮ್ಮನೆ ನಿಂತು ನೋಡುತ್ತಿದ್ದರು. ಬೆಂಗಳೂರಿನಲ್ಲಿ ಯಾವುದೋ ವಯೋಮಿತಿ ತಂಡಕ್ಕೆ ಆಯ್ಕೆ ಇದೆ ಎಂದು ಗೊತ್ತಾಯಿತು. ಕತ್ತಲಿರುವಾಗಲೇ ಮಾರಿಕುಪ್ಪಂ ಗಾಡಿ ಹತ್ತಿದ. ಚಾಂಪಿಯನ್, ಊರ್ಗಾಂ, ಕೋರಮಂಡಲ್, ಬಂಗಾರಪೇಟೆ, ಮಾಲೂರು... ಕೆಲಸಕ್ಕೆ ಹೋಗುವ ಸಾವಿರಾರು ಜನರ ನಡುವೆ ಬಾಗಿಲ ಹತ್ತಿರ ಒಂಟಿಕಾಲಲ್ಲಿ ನಿಂತು, ಹತ್ತಿರಹತ್ತಿರ ನೂರು ಕಿಲೋಮೀಟರ್. ಅದೇ ಕಾಲಲ್ಲಿ ಹೋಗಿ ಟ್ರಯಲ್ಸ್ ಆಡಬೇಕು. ಎದೆಗೊಂದು ನಂಬರು ಕೊಟ್ಟರು. ಇಪ್ಪತ್ತು ನಿಮಿಷದ ಆಟ. ಯಾರಿಗೆ ಯಾರೂ ಗೊತ್ತಿಲ್ಲದ ಇಪ್ಪತ್ತೆರಡು ಜನ. ಚೆಂಡು ಸಿಕ್ಕವನು ಬಿಡುವುದಿಲ್ಲ, ಯಾಕೆಂದರೆ ಬಿಟ್ಟರೆ ಮತ್ತೆ ಸಿಗುವುದಿಲ್ಲ.

ರಾತ್ರಿ ಬಂದಾಗ ಕೇಳಿದೆ, "ಏನಾಯ್ತಪ್ಪ?"

"ಎರಡ್ ಸಲ ಬಾಲ್ ಬಂತು ಅಂಕಲ್. ಒಂದ್ ಸಲ ಕ್ರಾಸ್ ಹಾಕ್ದೆ. ಇನ್ನೊಂದ್ ಸಲ ಹಾಕೋಷ್ಟರಲ್ಲಿ ವಿಸಲ್ ಊದ್ಬಿಟ್ರು."

ಗೋಲ್‌ಕೀಪರನ ಎತ್ತರ ಕಣ್ಣಿಗೆ ಕಾಣುತ್ತದೆ. ಬ್ಯಾಕ್‌ನ ಮೈಕಟ್ಟು ಕಾಣುತ್ತದೆ. ವಿಂಗರ್ ಬದುಕುವುದು ಇನ್ನೊಬ್ಬನ ಪಾಸಿನ ಮೇಲೆ. ನಡುವಿನವನು ಕೊಟ್ಟರೆ ಅವನು ಆಟಗಾರ, ಕೊಡದಿದ್ದರೆ ಗೆರೆ ಪಕ್ಕ ನಿಂತ ಕಂಬ. ಅಂಥವನನ್ನು ಅಪರಿಚಿತರ ಮಧ್ಯೆ ಇಪ್ಪತ್ತು ನಿಮಿಷ ಬಿಟ್ಟು ಅಳೆಯುವುದು ಯಾವ ವಿದ್ಯೆ? ಗಣಿಯ ಊರಿನವನಾಗಿ ಇಷ್ಟು ನನಗೆ ಗೊತ್ತು: ಮೇಲೆ ನಿಂತು ಟಾರ್ಚ್ ಬಿಟ್ಟರೆ ಚಿನ್ನ ಕಾಣುವುದಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಹೋಯಿತು. ಗಣಿ ನಡೆಸಿದ ಜಾನ್ ಟೇಲರ್ ಕಂಪನಿಯವರು ಲಾಭಕ್ಕೆ ಬಂದವರೇ, ನಮ್ಮ ಜನರ ಶ್ವಾಸಕೋಶ ತಿಂದವರೇ, ಆದರೆ ಎರಡು ಅಡಿ ಅಗೆದು 'ಇಲ್ಲಿ ಏನೂ ಇಲ್ಲ' ಎಂದು ಎದ್ದು ಹೋಗಲಿಲ್ಲ. ಈ ಗಣಿಗೆ ಬೇಕೆಂದೇ 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ವಿದ್ಯುತ್ ತಂತಿ ಎಳೆದರು. ಬೆಂಗಳೂರಿಗೇ ಕರೆಂಟು ಇರದಿದ್ದ ಕಾಲ ಅದು.

ಅಂಥ ಊರಿಗೆ ಈಗ ಏನಾಗಿದೆ ಎಂದು ಕೇಳಬೇಡಿ, ಕೇಳಿದರೆ ಫುಟ್‌ಬಾಲ್ ಮರೆತೇಹೋಗುತ್ತದೆ. ಕೇಳದಿದ್ದರೂ ಹೇಳುತ್ತೇನೆ. 2001ರ ಫೆಬ್ರವರಿ 28ಕ್ಕೆ ಗಣಿ ಕಂಪನಿ ಬಿಜಿಎಂಎಲ್ ಬಾಗಿಲು ಹಾಕಿತು. ಸಾವಿರಾರು ಮನೆಗಳ ಒಲೆ ಅವತ್ತು ಆರಿತು. ಗಣಿ ಬದುಕಿದ್ದಷ್ಟು ಕಾಲ ಇಲ್ಲಿ ಮೈದಾನವಿತ್ತು, ಮೈದಾನಕ್ಕೆ ನೀರು ಬಿಡುವ ಆಳಿದ್ದ, ಶಿಫ್ಟ್ ಮುಗಿಸಿ ಬೂಟು ಕಟ್ಟಿಕೊಳ್ಳುವ ಗಂಡಸರಿದ್ದರು, ಅವರನ್ನು ನೋಡಿ ಕಲಿಯುವ ಮಕ್ಕಳಿದ್ದರು. ಈಗ ಆ ಗಂಡಸರ ಮಕ್ಕಳು ದಿನಕ್ಕೆ ನಾಲ್ಕೈದು ಗಂಟೆ ರೈಲಿನಲ್ಲಿ ಕಳೆಯುತ್ತಾರೆ. ಯಾವ ತಂದೆ ಯಾವ ಹೊತ್ತಿನಲ್ಲಿ ಮಗನಿಗೆ ಚೆಂಡು ಒದೆಯುವುದು ಕಲಿಸಬೇಕು? ಸರ್ಕಾರಕ್ಕೆ ನಮ್ಮೂರು ನೆನಪಾಗುವುದು ಎರಡೇ ಸಂದರ್ಭದಲ್ಲಿ. ಒಂದು, ಸಿನಿಮಾದವರು ದಿಬ್ಬದ ಮೇಲೆ ಸೆಟ್ ಹಾಕಿದಾಗ. ಇನ್ನೊಂದು, ಆ ದಿಬ್ಬಗಳ ಮಣ್ಣಿನಲ್ಲಿ ಇನ್ನೂ ಚೂರುಪಾರು ಚಿನ್ನ ಉಳಿದಿದೆ ಎಂದು ಹೊಳೆದಾಗ. 2024ರಲ್ಲಿ 13 ದಿಬ್ಬ, ಸಾವಿರ ಎಕರೆ, ಮತ್ತೆ ಜಾಲಿಸಲು ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಬಿಸಾಡಿದ ಮಣ್ಣನ್ನು ಎರಡನೇ ಸಲ ಜಾಲಿಸುವಷ್ಟು ತಾಳ್ಮೆ ಇದೆ ನೋಡಿ ಇವರಿಗೆ! ಆ ದಿಬ್ಬದ ಬುಡದಲ್ಲಿ ಆಡುವ ಹುಡುಗನಿಗೆ ಇಪ್ಪತ್ತು ನಿಮಿಷ.

ಕರ್ನಾಟಕಕ್ಕೆ ಫಾರ್ವರ್ಡ್‌ಗಳ ಬರ ಎಂದು ಗೊಣಗುವವರು ಸ್ವಲ್ಪ ಹಿಂದಕ್ಕೆ ತಿರುಗಲಿ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು 1948ರ ಜುಲೈ 31ರಂದು ಫ್ರಾನ್ಸ್ ವಿರುದ್ಧ ಬಂತು. ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಈಸ್ಟ್ ಬೆಂಗಾಲ್‌ನ ಐವರು ಫಾರ್ವರ್ಡ್‌ಗಳನ್ನು ಬಂಗಾಳಿಗಳು 'ಪಂಚ ಪಾಂಡವರು' ಅಂದರಲ್ಲ, ಅದರಲ್ಲಿ ಧನರಾಜ್, ಅಹ್ಮದ್ ಖಾನ್ ಇಬ್ಬರೂ ಬೆಂಗಳೂರಿನವರು. ಕೋಲ್ಕತ್ತದವರು ಆಗ ಫಾರ್ವರ್ಡ್ ಹುಡುಕಿಕೊಂಡು ಇಲ್ಲಿಗೆ ಬರುತ್ತಿದ್ದರು. ಅಷ್ಟು ಹಿಂದೆ ಯಾಕೆ, 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಸುನಿಲ್ ಕುಮಾರ್, ಬೆಕೆ ಓರಂ, ರಾಬಿನ್ ಯಾದವ್ ಮೊದಲ ನಲವತ್ತೈದು ನಿಮಿಷದಲ್ಲೇ ಮೂರು ಗೋಲು ಹೊಡೆದು ಮುಗಿಸಿದ್ದರು. ದೇಶದ ತಂಡ ಐದು ಪಂದ್ಯದಲ್ಲಿ ಹೊಡೆದದ್ದು ಎರಡು, ಇವರು ಅರ್ಧ ಪಂದ್ಯದಲ್ಲಿ ಮೂರು. ಎದುರಾಳಿ ಬೇರೆ, ಮಟ್ಟ ಬೇರೆ ಅನ್ನುತ್ತೀರಿ, ಗೊತ್ತು. ಮಟ್ಟ ಏರುವುದು ಆಡಿಸಿದರೆ ತಾನೇ? ವಿಮಾನ ನಿಲ್ದಾಣದಲ್ಲಿ ಹಾರ ಹಾಕಿಸಿಕೊಂಡ ಆ ಹುಡುಗರಲ್ಲಿ ಎಷ್ಟು ಮಂದಿ ಐಎಸ್‌ಎಲ್‌ನಲ್ಲಿ ಮುಂಚೂಣಿಯ ಜಾಗ ಕಂಡರು? ಮತ್ತೆ ಅದೇ 11–0.

ಭುವನೇಶ್ವರದಲ್ಲಿ ಫಿಫಾದ ಆರ್ಸೆನ್ ವೆಂಗರ್ ಅವರನ್ನು ಕರೆಸಿ ಅಕಾಡೆಮಿಯ ಟೇಪು ಕತ್ತರಿಸಿದ್ದನ್ನು ನೆನಪಿಸಿ ನನ್ನ ಬಾಯಿ ಮುಚ್ಚಿಸಲು ಬರಬೇಡಿ. ಅಲ್ಲಿಗೆ ಆಯ್ಕೆಯಾಗಲೂ ಯಾರೋ ಒಬ್ಬರು ಮೊದಲು ಹುಡುಗನನ್ನು ನೋಡಿರಬೇಕಲ್ಲವೇ?

ಅರ್ಹತಾ ಸುತ್ತಿನ ಕೊನೆಯ ಪಂದ್ಯ 2026ರ ಮಾರ್ಚ್ 31ಕ್ಕೆ, ಕೊಚ್ಚಿಯಲ್ಲಿ, ಹಾಂಗ್‌ಕಾಂಗ್ ವಿರುದ್ಧ. ಅರ್ಹತೆಯ ಆಸೆ ಮಡಗಾಂವ್‌ನಲ್ಲಿ ಸಿಂಗಪುರ ಎದುರು ಸೋತ ದಿನವೇ ಮುಗಿದಿತ್ತು, ಗೆದ್ದರೂ ಸೋತರೂ ಒಂದೇ. ವಿಲಿಯಮ್ಸ್ ಗೋಲು ಹೊಡೆಯಲಿ, ನಾನೂ ಟಿವಿ ಮುಂದೆ ಕುಣಿಯುತ್ತೇನೆ. ಆದರೆ ಅದಾದ ಮೇಲೆ, 'ಫಾರ್ವರ್ಡ್‌ಗಳೇ ಇಲ್ಲ' ಎಂದು ಇನ್ನೊಮ್ಮೆ ಬಾಯಿ ಬಿಡುವ ಮುಂಚೆ, ಒಬ್ಬರೇ ಒಬ್ಬರು ಸೆಲೆಕ್ಟರ್ ಸಾಹೇಬರು ಬೆಂಗಳೂರಿನಲ್ಲಿ ಮಾರಿಕುಪ್ಪಂ ಗಾಡಿ ಹತ್ತಲಿ. ಟಿಕೆಟ್ ದುಡ್ಡು ನನ್ನದು. ಎಸಿ ಬೋಗಿ ಇರುವುದಿಲ್ಲ, ಅದಕ್ಕೆ ಕ್ಷಮೆ ಇರಲಿ. ಚಾಂಪಿಯನ್ ಸ್ಟೇಷನ್ನಿನಲ್ಲಿ ಗಾಡಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಬಾಗಿಲ ಹತ್ತಿರವೇ ಇರಲಿ. ಇಳಿದ ಮೇಲೆ ದಾರಿ ಕೇಳುವುದು ಬೇಡ. ದಿಬ್ಬ ಎಲ್ಲಿಂದಲೂ ಕಾಣುತ್ತದೆ. ಭಾನುವಾರ ಬಂದರೆ ಒಳ್ಳೆಯದು. ಮಿಕ್ಕ ದಿನ ನಮ್ಮ ಲೆಫ್ಟ್ ಔಟ್ ವೈಟ್‌ಫೀಲ್ಡ್‌ನಲ್ಲಿ ಕೆಲಸಕ್ಕೆ ಹೋಗಿರುತ್ತಾನೆ.