ಸೀಟು ಆಗಸ್ಟ್‌ನಲ್ಲಿ, ಸೊಪ್ಪಿನ ದುಡ್ಡು ಡಿಸೆಂಬರ್‌ನಲ್ಲಿ

ಹೊಗೆಸೊಪ್ಪು ಬೆಳೆಯೋರ ಮನೆಯಲ್ಲಿ ಜುಲೈ, ಆಗಸ್ಟ್ ಹೇಗಿರುತ್ತೆ ಅಂತ ಹುಣಸೂರು, ಪಿರಿಯಾಪಟ್ಟಣದ ಓದುಗರಿಗೆ ನಾನು ಹೇಳಬೇಕಿಲ್ಲ. ಗೊಬ್ಬರದ ಸಾಲ ಆಗಿರುತ್ತೆ, ಸೌದೆಗೆ ಮುಂಗಡ ಕೊಟ್ಟಿರುತ್ತೇವೆ, ಎಲೆ ಮುರಿಯೋ ಆಳಿಗೆ ವಾರವಾರ ಬಟವಾಡೆ ಬೇಕು. ಹರಾಜು ಶುರುವಾಗೋದು ಅದಾದ ಮೇಲೆ. ಕೆ.ಆರ್. ನಗರದ ಭತ್ತದವರಿಗೂ ಎಚ್.ಡಿ. ಕೋಟೆಯ ಹತ್ತಿಯವರಿಗೂ ಹೆಚ್ಚುಕಮ್ಮಿ ಇದೇ ಕಥೆ. ಮನೆಯಲ್ಲಿ ಬಿಡಿಗಾಸೂ ಇಲ್ಲದ ಆ ಎರಡು ತಿಂಗಳಲ್ಲೇ ಸಿಇಟಿ ಸೀಟು ಹಂಚಿಕೆಯಾಗುತ್ತೆ. ಇಂತಿಷ್ಟು ದಿನದೊಳಗೆ ಫೀಸು ಕಟ್ಟಿ ಸೇರಬೇಕು, ಇಲ್ಲವಾದರೆ ಸೀಟು ಹೋಯಿತು.

2018ರಲ್ಲಿ ನನ್ನ ಮಗಳಿಗೆ ಸಿಇಟಿಯಲ್ಲಿ ಇಂಜಿನಿಯರಿಂಗ್ ಸೀಟು ಬಂತು. ಫೀಸು, ಹಾಸ್ಟೆಲ್ಲು, ಪುಸ್ತಕ ಎಲ್ಲ ಸೇರಿ ಮೊದಲ ವರ್ಷಕ್ಕೆ ಒಂದೂವರೆ ಲಕ್ಷ ಬೇಕಿತ್ತು. ವಿದ್ಯಾಸಾಲ ಕೊಡ್ತಾರೆ ಅಂತ ಕೇಳಿದ್ದೆ, ಪೇಟೆಯ ಒಂದು ಬ್ಯಾಂಕಿಗೆ ಹೋದೆ. ಅಧಿಕಾರಿ ಕಾಗದ ನೋಡುವ ಮೊದಲೇ, "ಯಜಮಾನ್ರೇ, ನಿಮ್ಮೂರು ನಮ್ಮ ಸರ್ವಿಸ್ ಏರಿಯಾಕ್ಕೆ ಬರಲ್ಲ" ಅಂದರು. ನಮ್ಮೂರು ಸೇರಿದ್ದ ಇನ್ನೊಂದು ಬ್ಯಾಂಕಿಗೆ ಹೋದರೆ, "ನಿಮ್ಮ ಬೆಳೆಸಾಲ ಓವರ್‌ಡ್ಯೂ ಇದೆ, ಮೊದಲು ಅದನ್ನ ತೀರಿಸಿ ಬನ್ನಿ" ಅಂದರು. ಬೆಳೆಸಾಲ ತೀರಿಸೋ ಶಕ್ತಿ ಇದ್ದಿದ್ದರೆ ಅಲ್ಲಿಗೆ ಯಾಕೆ ಹೋಗ್ತಿದ್ದೆ? ಇಬ್ಬರೂ ಬಾಯಲ್ಲಿ ಹೇಳಿದರೇ ಹೊರತು ಒಂದು ಗೆರೆ ಬರೆದುಕೊಡಲಿಲ್ಲ. ಮಗಳು ಬಸ್ಸಿನಲ್ಲಿ, "ಬಿಡಪ್ಪ, ಬಿಎಸ್ಸಿಗೆ ಸೇರ್ಕೋತೀನಿ" ಅಂದಳು. ಆ ಮಾತು ಕೇಳಿ ನನಗೆ ತಡೆಯಲಿಲ್ಲ. ಸಂಜೆಗೇ ಹೋಗಿ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತಂದೆ.

ಆಗಸ್ಟ್‌ನಲ್ಲಿ ತಂದದ್ದು ತೀರಿದ್ದು ಏಪ್ರಿಲ್‌ನಲ್ಲಿ. ಸೊಪ್ಪು ಮಾರಿದ ದುಡ್ಡಲ್ಲಿ ಬೆಳೆಸಾಲದ ಬಾಬ್ತು ಹರಾಜು ಕಟ್ಟೆಯಲ್ಲೇ ಮುರಿದುಕೊಳ್ಳುತ್ತಾರೆ, ಉಳಿದದ್ದು ಗೊಬ್ಬರದಂಗಡಿಗೆ, ಆಮೇಲೆ ಕೈಸಾಲದವರಿಗೆ. ತಿಂಗಳಿಗೆ 4,500 ರೂಪಾಯಿಯಂತೆ ಎಂಟು ತಿಂಗಳಿಗೆ 36,000 ಬರೀ ಬಡ್ಡಿ. ಬ್ಯಾಂಕಿನವರು ನೂರಕ್ಕೆ ಹತ್ತರ ಲೆಕ್ಕದಲ್ಲಿ ಕೊಟ್ಟಿದ್ದರೂ ಅಷ್ಟು ದಿನಕ್ಕೆ 10,000 ಆಗುತ್ತಿತ್ತು. ಅದನ್ನೂ ಓದು ಮುಗಿಯುವ ತನಕ ಕಟ್ಟುವಂತಿರಲಿಲ್ಲ. ಎರಡನೇ ವರ್ಷದ ಫೀಸಿಗೆ ಜೋಡಿ ಎತ್ತು ಮಾರಿದೆ. ಅಂದಿನಿಂದ ಉಳುಮೆಗೆ ಟ್ರ್ಯಾಕ್ಟರ್ ಬಾಡಿಗೆ.

ಆಮೇಲೆ ನಿಯಮ ಓದಿದೆ. ಮೊದಲೇ ಓದಬೇಕಿತ್ತು, ಅದು ನನ್ನ ತಪ್ಪು. 2001ರಿಂದ ಬ್ಯಾಂಕುಗಳಿಗೆಲ್ಲ ಒಂದು ಮಾದರಿ ವಿದ್ಯಾಸಾಲ ಯೋಜನೆ ಇದೆ. ಅದರ ಪ್ರಕಾರ ನಾಲ್ಕು ಲಕ್ಷದವರೆಗೆ ಜಮೀನು ಅಡಮಾನ ಕೇಳುವಂತಿಲ್ಲ, ನಮ್ಮ ಪಾಲಿನ ದುಡ್ಡು ಹಾಕಿ ಅನ್ನುವಂತಿಲ್ಲ. ತಂದೆಯೋ ತಾಯಿಯೋ ಜೊತೆಗೆ ಸಹಿ ಹಾಕಿದರೆ ಸಾಕು. 2015ರಲ್ಲಿ ಕೇಂದ್ರ ಸರ್ಕಾರ ಏಳೂವರೆ ಲಕ್ಷದವರೆಗಿನ ಸಾಲಕ್ಕೆ ಖಾತರಿ ನಿಧಿ ಮಾಡಿತು. ಹುಡುಗ ಕಟ್ಟದೇ ಹೋದರೆ ಬಾಕಿಯ ಮುಕ್ಕಾಲು ಪಾಲನ್ನು ಆ ನಿಧಿ ಬ್ಯಾಂಕಿಗೆ ತುಂಬಿಕೊಡುತ್ತೆ. ಸರ್ವಿಸ್ ಏರಿಯಾ ನೆಪ ಹೇಳಿ ವಿದ್ಯಾಸಾಲದ ಅರ್ಜಿ ತಳ್ಳಬೇಡಿ ಅಂತ ರಿಸರ್ವ್ ಬ್ಯಾಂಕು 2012ರಲ್ಲೇ ಸುತ್ತೋಲೆ ಕಳಿಸಿತ್ತು. ಅಂದರೆ ನನ್ನನ್ನು ವಾಪಸ್ ಕಳಿಸಿದ ಮೊದಲ ಕಾರಣ ಆರು ವರ್ಷ ಹಿಂದೆಯೇ ಸತ್ತುಹೋಗಿತ್ತು. ಅರ್ಜಿ ತಿರಸ್ಕರಿಸಬೇಕಾದರೆ ಮೇಲಿನ ಅಧಿಕಾರಿಯ ಒಪ್ಪಿಗೆ ಬೇಕು ಅಂತಲೂ ಆ ಮಾದರಿ ಯೋಜನೆಯಲ್ಲಿದೆ. ಕೌಂಟರಿನ ಈಚೆ ನಿಂತವನಿಗೆ ಇದನ್ನೆಲ್ಲ ಯಾರು ಹೇಳುತ್ತಾರೆ?

ಈಗ ಹೊಸದೊಂದು ಬಂದಿದೆ. 2024ರ ನವೆಂಬರ್ 6ರಂದು ಕೇಂದ್ರ ಸಂಪುಟ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಜಾಮೀನುದಾರರು ಬೇಡ, ಅಡಮಾನ ಬೇಡ. ಎಂಟು ಲಕ್ಷದೊಳಗೆ ಆದಾಯವಿರುವ ಮನೆಯ ಮಕ್ಕಳಿಗೆ, ಹತ್ತು ಲಕ್ಷದವರೆಗಿನ ಸಾಲಕ್ಕೆ, ಓದುವಾಗ ಬಡ್ಡಿಯಲ್ಲಿ ಮೂರು ಪರ್ಸೆಂಟ್ ಸರ್ಕಾರ ಹೊರುತ್ತೆ. ಪೇಪರಲ್ಲಿ ಓದಿದಾಗ ನನಗೂ ಖುಷಿಯಾಯ್ತು. ಪೂರ್ತಿ ಓದಿದ ಮೇಲೆ ಅರ್ಧ ಖುಷಿ ಇಳೀತು.

ಯಾಕಂದ್ರೆ ಇದು ದೇಶದ ಎಲ್ಲ ಕಾಲೇಜಿಗಲ್ಲ, ರ್‍ಯಾಂಕಿಂಗ್ ಪಟ್ಟಿಯಲ್ಲಿ ಮೇಲಿರುವ ಸಂಸ್ಥೆಗಳಿಗೆ ಮಾತ್ರ. ಶುರುವಿನಲ್ಲಿ ಅಂಥವು 860. ತಾಲ್ಲೂಕು ಕೇಂದ್ರದ ಕಾಲೇಜುಗಳನ್ನು ಅದರಲ್ಲಿ ಹುಡುಕುವುದೇ ಬೇಡ. ಮೂರು ಪರ್ಸೆಂಟಿನ ಸಹಾಯವೂ ವರ್ಷಕ್ಕೆ ಇಡೀ ದೇಶದಲ್ಲಿ ಒಂದು ಲಕ್ಷ ಮಕ್ಕಳಿಗೆ. ಬೇರೆ ಸರ್ಕಾರಿ ವಿದ್ಯಾರ್ಥಿವೇತನಕ್ಕೋ ಬಡ್ಡಿ ಸಹಾಯಕ್ಕೋ ಅರ್ಹರಾದವರಿಗೆ ಅದು ಇಲ್ಲ. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಯೋಜನೆಯೇ ಅನ್ವಯಿಸುವುದಿಲ್ಲ. ಇದೊಂದನ್ನು ನಾನು ಒಪ್ಪುತ್ತೇನೆ, ದುಡ್ಡು ಕೊಟ್ಟು ಸೀಟು ಕೊಳ್ಳೋರಿಗೆ ಸರ್ಕಾರ ಯಾಕೆ ಬಡ್ಡಿ ಕಟ್ಟಬೇಕು? ಆದರೆ ಸಿಇಟಿಯಲ್ಲಿ ನ್ಯಾಯವಾಗಿ ಸೀಟು ತೆಗೆದುಕೊಂಡ ಹುಡುಗಿ, ಮನೆಗೆ ಹತ್ತಿರ ಅಂತಲೋ ಖರ್ಚು ಕಮ್ಮಿ ಅಂತಲೋ ಪಟ್ಟಿಯಲ್ಲಿಲ್ಲದ ಕಾಲೇಜಿಗೆ ಸೇರಿದರೆ ಅವಳ ತಪ್ಪೇನು? ರ್‍ಯಾಂಕು ಕಾಲೇಜಿನದು, ಬಡತನ ಹುಡುಗಿಯದು. ಕಾಲೇಜು ನೋಡಿ ಸಾಲ ಕೊಡುವುದು ಅಂದರೆ ಎತ್ತು ಬಿಟ್ಟು ಕೊಟ್ಟಿಗೆಗೆ ಬೆಲೆ ಕಟ್ಟಿದಂತೆ.

2009ರಿಂದ ನಡೆದು ಬಂದ ಇನ್ನೊಂದು ಯೋಜನೆ ಇದೆ, ನಮ್ಮಂಥವರಿಗೆ ಅದೇ ಹೆಚ್ಚು ಉಪಯೋಗ. ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ ಓದುವ ಅವಧಿಯ ಮತ್ತು ಅದಾದ ಒಂದು ವರ್ಷದ ಬಡ್ಡಿ ಪೂರ್ತಿ ಕೇಂದ್ರದ್ದು. ಆದರೆ ಅದು ತಾಂತ್ರಿಕ, ವೃತ್ತಿಪರ ಕೋರ್ಸಿಗೆ ಮಾತ್ರ, ಅದೂ ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆ ಇರುವ ಕಡೆ. ಸರಗೂರು ಕಡೆಯ ನಮ್ಮ ಭಾವಮೈದನ ಮಗ ಬಿಎಸ್ಸಿ ಓದುತ್ತಾನೆ, ಮೈಸೂರಲ್ಲಿ ರೂಮು ಮಾಡಿಕೊಂಡು. ಅವನಿಗೆ ಇದು ಇಲ್ಲ. ಬಿಎ, ಬಿಎಸ್ಸಿ, ಬಿಕಾಂ ಓದುವ ರೈತರ ಮಕ್ಕಳೇ ನಮ್ಮಲ್ಲಿ ಜಾಸ್ತಿ, ಅವರನ್ನು ಲೆಕ್ಕಕ್ಕೇ ಹಿಡಿದಿಲ್ಲ.

ಅದೇ ಹುಡುಗನಿಗೆ ರೈತ ವಿದ್ಯಾನಿಧಿಯೂ ತಪ್ಪಿತು. ರಾಜ್ಯ ಸರ್ಕಾರ 2021ರಲ್ಲಿ ಅದನ್ನು ತಂದಾಗ ಪಿಯುಸಿ ಹುಡುಗರಿಗೆ ವರ್ಷಕ್ಕೆ 2,500, ಹುಡುಗಿಯರಿಗೆ 3,000, ವೃತ್ತಿ ಕೋರ್ಸಿನವರಿಗೆ 10,000 ಮತ್ತು 11,000 ಅಂತ ಇಟ್ಟಿತ್ತು. ದೊಡ್ಡ ಮೊತ್ತವಲ್ಲ, ಬಸ್ ಪಾಸು, ನೋಟ್‌ಬುಕ್ಕಿಗೆ ಆಗೋದು. ಆದರೆ ಅದಕ್ಕೆ ಫ್ರೂಟ್ಸ್ ಐಡಿ ಬೇಕಿತ್ತು, ಐಡಿಗೆ ಪಹಣಿ ಬೇಕು, ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲಿತ್ತು. ಅಣ್ಣತಮ್ಮಂದಿರು ಪೌತಿ ಖಾತೆ ಮಾಡಿಸಿಕೊಳ್ಳದೇ ಇಪ್ಪತ್ತು ವರ್ಷ ಕಳೆದಿದ್ದಾರೆ. ಇದಕ್ಕೆ ಸರ್ಕಾರವನ್ನು ಬೈದು ಪ್ರಯೋಜನವಿಲ್ಲ, ಭಾವಮೈದನಿಗೂ ಹಾಗೇ ಹೇಳಿದ್ದೇನೆ.

ನಮ್ಮ ಕಡೆ ಹಳಬರು ದೇವರಾಜ ಅರಸರನ್ನು ಇನ್ನೂ ನೆನೆಯುತ್ತಾರೆ. ಹುಣಸೂರು ತಾಲ್ಲೂಕು ಕಲ್ಲಹಳ್ಳಿಯವರು. 1974ರ ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಹಾಕಿ ಗೇಣಿ ಜಮೀನು ತಮ್ಮದು ಮಾಡಿಕೊಂಡ ಮನೆಗಳು ಊರೂರಲ್ಲೂ ಇವೆ. ಹಾಗೆ ಬಂದ ಜಮೀನನ್ನು ಮೊಮ್ಮಕ್ಕಳ ಫೀಸಿಗೆ ಆಧಾರ ಬರೆದುಕೊಡೋದನ್ನ ನೋಡಿದರೆ ಹೊಟ್ಟೆ ಉರಿಯುತ್ತೆ. ಅರಸರ ಹೆಸರಿನ ಹಿಂದುಳಿದ ವರ್ಗಗಳ ನಿಗಮದಲ್ಲೇ ಅರಿವು ಅಂತ ಸಾಲ ಯೋಜನೆ ಇದೆ. ಸಿಇಟಿ ಮೂಲಕ ಸೇರಿದವರಿಗೆ ವರ್ಷಕ್ಕೆ ಒಂದು ಲಕ್ಷದವರೆಗೆ, ನೂರಕ್ಕೆ ಎರಡು ರೂಪಾಯಿ ಬಡ್ಡಿ. ತಿಂಗಳಿಗಲ್ಲ ಸ್ವಾಮಿ, ವರ್ಷಕ್ಕೆ! ಜಾತಿ ಪಟ್ಟಿ, ಆದಾಯದ ಮಿತಿ ಇವೆ, ಎಲ್ಲರಿಗೂ ಸಿಗುವುದಿಲ್ಲ. ಆದರೂ ಕೈಸಾಲಕ್ಕೆ ಓಡುವ ಮುಂಚೆ ನಿಗಮದ ಕಚೇರಿಯ ಮೆಟ್ಟಿಲು ಹತ್ತಿ ಬರುವುದರಲ್ಲಿ ನಷ್ಟವಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ಸಿಇಟಿಯಲ್ಲಿ ಸೀಟು ಸಿಕ್ಕಿದ್ದೇ ಯೋಗ್ಯತೆಗೆ ಸಾಕ್ಷಿ ಅಂತ ಹಿಡಿದು, ಕಾಲೇಜಿನ ರ್‍ಯಾಂಕು ನೋಡದೆ ಜಾಮೀನಿಲ್ಲದ ಸಾಲ ಕೊಡಬೇಕು. ಸರ್ಕಾರಿ ಕಾಲೇಜಿನ ಡಿಗ್ರಿ ಮಕ್ಕಳಿಗೂ ಬಡ್ಡಿ ಸಹಾಯ ಬೇಕು. ಅಪ್ಪನ ಬೆಳೆಸಾಲ ಬಾಕಿಯನ್ನು ಮಗಳ ತಲೆಗೆ ಕಟ್ಟಬಾರದು. ಸಿಬಿಲ್ ಅಂಕ ಕಮ್ಮಿ ಅನ್ನುವ ಕಾರಣಕ್ಕೆ ವಿದ್ಯಾರ್ಥಿಗೆ ಸಾಲ ನಿರಾಕರಿಸಬಾರದು ಅಂತ ಕೇರಳ ಹೈಕೋರ್ಟು 2023ರಲ್ಲಿ ಹೇಳಿದೆ. ಪಕ್ಕದ ರಾಜ್ಯದ ತೀರ್ಪು, ನಮ್ಮ ಮ್ಯಾನೇಜರು ಕೇಳಲೇಬೇಕು ಅಂತಿಲ್ಲ, ಆದರೂ ತೋರಿಸಬಹುದು. ಎಲ್ಲಕ್ಕಿಂತ ಮುಖ್ಯ, ಬ್ಯಾಂಕಿಗೆ ಅರ್ಜಿ ಹಾಕಿದ ರಸೀದಿ ತೋರಿಸಿದರೆ ಸೀಟು ಉಳಿಸಿಕೊಂಡು ಫೀಸಿಗೆ ಒಂದು ತಿಂಗಳು ಕಾಲಾವಕಾಶ ಸಿಗಬೇಕು. ಇದಕ್ಕೆ ಸರ್ಕಾರದ ಬೊಕ್ಕಸದಿಂದ ಒಂದು ರೂಪಾಯಿಯೂ ಬೇಡ. ನಾನು ಕೈಸಾಲಕ್ಕೆ ಹೋದದ್ದು ಆ ಒಂದು ತಿಂಗಳು ಇಲ್ಲದ್ದಕ್ಕೆ.

ಮುಂದಿನ ವರ್ಷ ಪಿಯುಸಿ ಮುಗಿಸುವ ಮಕ್ಕಳಿರುವವರು ಸಸಿಮಡಿ ಹಾಕುವ ಹೊತ್ತಿಗೇ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋಗಿ, ಪಹಣಿಯಲ್ಲಿ ಯಾರ ಹೆಸರಿದೆ ನೋಡಿಕೊಳ್ಳಿ. ಮಕ್ಕಳ ಆಧಾರ್ ಬ್ಯಾಂಕ್ ಖಾತೆಗೆ ಸೇರಿದೆಯಾ ಕೇಳಿ. ಸಾಲದ ಅರ್ಜಿಯನ್ನು ಕೌಂಟರಿನಲ್ಲಿ ಬಾಯಲ್ಲಿ ಕೇಳಬೇಡಿ, ವಿದ್ಯಾಲಕ್ಷ್ಮಿ ವೆಬ್‌ಸೈಟಿನಲ್ಲಿ ಹಾಕಿಸಿ ನಂಬರು ಇಟ್ಟುಕೊಳ್ಳಿ. ಆಗಲ್ಲ ಅಂದರೆ ಕಾರಣ ಬರೆದುಕೊಡಿ ಅನ್ನಿ. ಹಾಗೆ ಬರೆಸಿಕೊಂಡ ಕಾಗದ ನಾಲ್ಕು ತಾಲ್ಲೂಕಿನಲ್ಲಿ ಯಾರ ಹತ್ತಿರವಾದರೂ ಇದ್ದರೆ ಅದರ ಜೆರಾಕ್ಸನ್ನು ಪತ್ರಿಕೆಗೆ ಕಳಿಸಿ. ಹತ್ತು ಇಪ್ಪತ್ತು ಕಾಗದ ಸೇರಿದರೆ ಜಿಲ್ಲಾ ಲೀಡ್ ಬ್ಯಾಂಕಿನ ಸಭೆಗೆ ಹಿಡಿದುಕೊಂಡು ಹೋಗಲು ನಾನು ತಯಾರಿದ್ದೇನೆ.